ಎತ್ತಿಗೆ ಹಾಕಿಸಿದೆ, ಅಜ್ಜಿಗೆ?

ಮಗಾ, ರಥಸಪ್ತಮಿಗೆ ಇನ್ನು ಇಪ್ಪತ್ತು ದಿನ. ಹೇಮಗಿರಿ ದನಗಳ ಜಾತ್ರೆಗೆ ಜೋಡೆತ್ತು ಕಟ್ಟೋ ಸಡಗರದಲ್ಲಿದ್ದೀಯ. ಕೊಂಬು ಹೆರೆಸಿದ್ದಾಯ್ತು, ಕಾಲುಬಾಯಿ ಜ್ವರದ ಲಸಿಕೆ ಹಾಕಿಸಿದ್ದಾಯ್ತು. ಸರಿ, ನಿಮ್ಮಜ್ಜಿಗೆ ಫ್ಲೂ ಲಸಿಕೆ ಹಾಕಿಸಿದ್ಯಾ?

ನಗಬೇಡ. ಅವಳಿಗೆ ಎಪ್ಪತ್ತು ದಾಟಿದೆ, ಮೇಲೆ ಸಕ್ಕರೆ ಕಾಯಿಲೆ. ಜಾತ್ರೆಯಿಂದ ನೀನು ಮನೆಗೆ ತರೋದು ಬೆಂಡು ಬತ್ತಾಸು ಒಂದೇ ಅಲ್ಲ, ಜನಸಂದಣಿಯ ಫ್ಲೂ ಕೂಡ ಇರಬಹುದು. ನಮ್ಮ ಹೇಮಾವತಿ ಹೊಳೆ ಹರಿದು ಬರೋ ಹಾಸನ ಜಿಲ್ಲೆಯಲ್ಲೇ 2023ರ ಮಾರ್ಚ್‌ನಲ್ಲಿ ಎಚ್3ಎನ್2 ಫ್ಲೂ ಬಂದು ಹಿರಿಯರೊಬ್ಬರು ತೀರಿಹೋದರು. ಅವರಿಗೂ ಬಿಪಿ, ಶುಗರ್ ಇತ್ತು.

ಹೋದ ವರ್ಷ ಫ್ಲೂ ಬಂದಾಗ ನನ್ನ ಪಾಡು ನೋಡಿದ್ಯಲ್ಲ. ಮೊದಲ ದಿನ ಮೆಣಸು ಶುಂಠಿ ಕಷಾಯ. ಎರಡನೇ ದಿನ ಮೆಡಿಕಲ್ ಸ್ಟೋರಲ್ಲಿ ಕೇಳಿ ತಂದ ಆಂಟಿಬಯೋಟಿಕ್. ವೈರಸ್ಸಿಗೆ ಅದು ನಾಟೋದೇ ಇಲ್ಲವಂತೆ! ಮೂರನೇ ರಾತ್ರಿ ಉಸಿರು ಎಳೆಯೋಕೆ ಶುರುವಾದಾಗ ಆಸ್ಪತ್ರೆ. "ಎರಡು ದಿನ ಏನ್ಮಾಡ್ತಿದ್ರಿ ಯಜಮಾನ್ರೇ?" ಅಂದ್ರು ಡಾಕ್ಟ್ರು. ಓಸೆಲ್ಟಾಮಿವಿರ್ ಮಾತ್ರೆ ಕೊಟ್ಟರು, ದಿನಕ್ಕೆರಡು ಹೊತ್ತು, ಐದು ದಿನ. ಒಂದು ಜೀವಕೋಶದಲ್ಲಿ ಹುಟ್ಟಿದ ವೈರಸ್ಸು ಇನ್ನೊಂದಕ್ಕೆ ಹರಡದಂತೆ ಅದು ತಡೆಯುತ್ತೆ. ಜ್ವರ ಶುರುವಾದ 48 ಗಂಟೆಯೊಳಗೆ ತಗೊಂಡರೇ ಹೆಚ್ಚು ಗುಣ. ಗದ್ದೆಗೆ ನೀರು ನುಗ್ಗಿದ ಮೇಲೆ ತೂಬು ಮುಚ್ಚಿದಂತಾಯ್ತು ನಂದು. ಆದರೂ ಮುಚ್ಚಿದ್ದೇ ಒಳ್ಳೇದಾಯ್ತು, ಉಳಕೊಂಡೆ. ಚೀಟಿ ಇಲ್ಲದೆ ಆ ಮಾತ್ರೆ ನುಂಗೋಕೆ ಹೋಗಬೇಡ, ಮತ್ತೆ.

ಲಸಿಕೆ ಹಾಕಿಸಿದರೆ ಫ್ಲೂ ಬರೋದೇ ಇಲ್ಲ ಅಂತ ಯಾರೂ ಬರೆದುಕೊಡಲ್ಲ. ಬಂದರೂ ಆಸ್ಪತ್ರೆ ಸೇರೋ ಮಟ್ಟಕ್ಕೆ ಹೋಗೋದು ಕಡಿಮೆ. ವೈರಸ್ಸು ವೇಷ ಬದಲಾಯಿಸ್ತಾನೇ ಇರುತ್ತೆ, ಅದಕ್ಕೇ ವರ್ಷಾವರ್ಷ ಹಾಕಿಸಬೇಕು. ಮಳೆಗಾಲಕ್ಕೆ ಮುಂಚೆ ಹಾಕಿಸೋದೇ ಸರಿಯಾದ ಹೊತ್ತು, ಆ ಹೊತ್ತು ಕಳಕೊಂಡೆವು, ಈಗಲಾದರೂ ಹಾಕಿಸು. ಮೈಯಲ್ಲಿ ಕೆಲಸ ಶುರುಮಾಡೋಕೆ ಎರಡು ವಾರ ಬೇಕು, ಲೆಕ್ಕ ಹಾಕ್ಕೋ.

ಎತ್ತಿನ ಲಸಿಕೆ ಸರ್ಕಾರದ್ದು, ಬಿಟ್ಟಿ. ಅಜ್ಜಿಯ ಲಸಿಕೆಗೆ ಕಾಸು ಬಿಚ್ಚಬೇಕು. ಗೆಜ್ಜೆ, ಹಗ್ಗ, ಮೂಗುದಾರಕ್ಕೆ ಸುರಿಯೋ ದುಡ್ಡಲ್ಲಿ ಒಂದು ಪಾಲು ಅಷ್ಟೇ.

ನಾಳೆ ಬೆಳಿಗ್ಗೆ ಕೆ.ಆರ್.ಪೇಟೆ ಆಸ್ಪತ್ರೆಗೆ ಫೋನ್ ಮಾಡಿ, ಈ ವರ್ಷದ ಲಸಿಕೆ ಬಂದಿದೆಯಾ ಕೇಳು. ಇದೆ ಅಂದರೆ ಅಜ್ಜೀನ ಬೈಕಿನ ಹಿಂದೆ ಕೂರಿಸಿಕೊಂಡು ಹೋಗು.