ಒಮ್ಮೆ ಓದಿದ್ದಕ್ಕೆ ದಿನವೂ ಕೊಲೆ ಸುದ್ದಿ!

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಮಗ ಮೊಬೈಲಿಗೆ ಗೂಗಲ್ ನ್ಯೂಸ್ ಹಾಕಿಕೊಟ್ಟಿದ್ದಾನೆ. ಹೋದ ತಿಂಗಳು ಒಂದು ಕೊಲೆ ಸುದ್ದಿ ಓದಿದೆ. ಅಂದಿನಿಂದ ತೆರೆದರೆ ಸಾಕು, ಬರೀ ಕೊಲೆ, ಅಪಘಾತ. ಯಾರಾದರೂ ನನ್ನ ಮೊಬೈಲ್ ನೋಡುತ್ತಿದ್ದಾರೆಯೇ? ಆ್ಯಪ್ ತೆಗೆದುಹಾಕಲೇ?
– ಓದುಗರು, ಶಿರಸಿ

ಉತ್ತರ: ತೆಗೆಯಬೇಕಿಲ್ಲ. ನೀವು ಓದಿದ್ದು ಇನ್ನೊಬ್ಬರಿಗೆ ಗೊತ್ತಾಗಿದೆ ಅನ್ನಿಸಿದರೆ ಯಾರಿಗಾದರೂ ಕಸಿವಿಸಿಯೇ. ಆದರೆ ನಿಮಗೆ ಇಂಥ ಸುದ್ದಿ ಕಳಿಸಲೆಂದು ಆ ಕಡೆ ಯಾರೂ ಕಾದು ಕುಳಿತಿಲ್ಲ. ನೀವು ಒತ್ತಿದ್ದನ್ನು, ಹುಡುಕಿದ್ದನ್ನು ಅಲ್ಗಾರಿದಂ (ಏನನ್ನು ಮುಂದಿಡಬೇಕೆಂದು ತೀರ್ಮಾನಿಸುವ ಲೆಕ್ಕಾಚಾರ) ಗುರುತಿಟ್ಟುಕೊಳ್ಳುತ್ತದೆ. ಮರುಕದಿಂದ ಓದಿದಿರೋ, ಕುತೂಹಲದಿಂದಲೋ ಅದಕ್ಕೆ ತಿಳಿಯದು. ಮದುವೆಮನೆಯಲ್ಲಿ ಒಮ್ಮೆ ಹೋಳಿಗೆ ಹಾಕಿಸಿಕೊಂಡವರ ಎಲೆಯನ್ನೇ ಹುಡುಕಿಕೊಂಡು ಬರುವವರ ಹಾಗೆ, ಮತ್ತೆ ಮತ್ತೆ ಬಡಿಸುತ್ತದೆ.

ಸಾಕು ಎಂದು ಕೈ ಅಡ್ಡ ಹಿಡಿಯಲು ದಾರಿಯಿದೆ. ಬೇಡದ ಸುದ್ದಿಯ ಜೊತೆಗಿರುವ ಮೂರು ಚುಕ್ಕಿಗಳನ್ನು ಒತ್ತಿ. ಇಂಥ ಸುದ್ದಿ ಕಡಿಮೆ ಮಾಡುವ ಆಯ್ಕೆ ಅಲ್ಲಿದೆ. ಆ ಪತ್ರಿಕೆಯನ್ನೋ ಚಾನೆಲನ್ನೋ ಪೂರ್ತಿ ಮರೆಮಾಡುವ ಆಯ್ಕೆಯೂ ಇದೆ. ಮೊದಲಿನದೇ ಸಾಕು. ಒಂದು ಶೀರ್ಷಿಕೆಯ ಸಿಟ್ಟಿಗೆ ಇಡೀ ಪತ್ರಿಕೆಯನ್ನು ಯಾಕೆ ಕಳೆದುಕೊಳ್ಳುತ್ತೀರಿ? ಒಂದೇ ಸಲಕ್ಕೆ ಸರಿಹೋಗದು. ಕಂಡಾಗಲೆಲ್ಲ ಹೀಗೆ ಮಾಡಿ.

ಜೊತೆಗೆ ಬೇಕಾದ್ದನ್ನೂ ಹೇಳಿ. ಹುಡುಕುವ ಜಾಗದಲ್ಲಿ ಅಡಿಕೆ, ಯಕ್ಷಗಾನ, ಶಿರಸಿ ಎಂದು ಬರೆದು ನೋಡಿ. ಆ ಹೆಸರಿನ ವಿಷಯ ಸಿಕ್ಕರೆ ನಕ್ಷತ್ರದ ಗುರುತು ಒತ್ತಿ. ಅದು ‘ಫಾಲೋಯಿಂಗ್’ (ನೀವೇ ಆರಿಸಿಕೊಂಡ ವಿಷಯಗಳ) ವಿಭಾಗದಲ್ಲಿ ಉಳಿಯುತ್ತದೆ.

ಹಳೆಯ ದಾಖಲೆ ಅಳಿಸಬೇಕೆಂದರೆ ನಿಮ್ಮ ಗೂಗಲ್ ಖಾತೆಯ ‘ವೆಬ್ ಮತ್ತು ಆ್ಯಪ್ ಚಟುವಟಿಕೆ’ಗೆ ಹೋಗಿ. 3, 18 ಅಥವಾ 36 ತಿಂಗಳಿಗಿಂತ ಹಳೆಯದು ತಾನಾಗಿಯೇ ಅಳಿಯುವಂತೆ ಅಲ್ಲಿ ಹೊಂದಿಸಬಹುದು. ನಿಮಗೆ 3 ತಿಂಗಳು ಸಾಕು. ಇದೊಂದು ಕೆಲಸಕ್ಕೆ ಮಗನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಪ್ರಶ್ನೆ: ಗೂಗಲ್ ನ್ಯೂಸ್‌ನಲ್ಲಿ ಕ್ರಿಕೆಟ್, ಷೇರುಪೇಟೆ ಆರಿಸಿಕೊಂಡಿದ್ದೆ. ಈಗ ಬೇರೇನೂ ಕಾಣುತ್ತಿಲ್ಲ. ಊರಲ್ಲಿ ನೀರಿನ ಕರ ಏರಿದ್ದು ಪಕ್ಕದ ಮನೆಯವರು ಹೇಳಿದ ಮೇಲೆ ಗೊತ್ತಾಯಿತು. ನನ್ನದೇ ತಪ್ಪೇ?
– ಓದುಗರು, ದಾವಣಗೆರೆ

ಉತ್ತರ: ಖಂಡಿತ ಅಲ್ಲ. ನಮ್ಮ ಇಷ್ಟದ್ದನ್ನೇ ತೋರಿಸಿ ಉಳಿದದ್ದನ್ನು ಮರೆಮಾಡುವ ಈ ಗುಳ್ಳೆಯ ಬಗ್ಗೆ ಎಲೈ ಪ್ಯಾರಿಸರ್ ಎಂಬ ಲೇಖಕರು 2011ರಲ್ಲಿ ‘ದಿ ಫಿಲ್ಟರ್ ಬಬಲ್’ ಎಂಬ ಪುಸ್ತಕವನ್ನೇ ಬರೆದರು. ನಿಮ್ಮ ಆಯ್ಕೆಯನ್ನು ಹಾಗೇ ಇಟ್ಟುಕೊಳ್ಳಿ, ಮುಖ್ಯಾಂಶಗಳ ವಿಭಾಗವನ್ನೂ ದಿನಕ್ಕೊಮ್ಮೆ ತೆರೆಯಿರಿ. ಒಂದೇ ಘಟನೆಯನ್ನು ಹಲವು ಪತ್ರಿಕೆಗಳು ಹೇಗೆ ಬರೆದಿವೆ ಎಂದು ತೋರಿಸುವ ‘ಫುಲ್ ಕವರೇಜ್’ ಕೂಡ ಇದೆ.

ಆ್ಯಪ್‌ನ ಊಹೆಯೇ ಬೇಡವೆಂದರೆ ಫೀಡ್ಲಿಯಂಥ ಆರ್‌ಎಸ್‌ಎಸ್ ರೀಡರ್ (ನೀವು ಹೆಸರಿಸಿದ ತಾಣಗಳ ಹೊಸ ಬರಹವನ್ನು ಒಂದೆಡೆ ತರುವ ಆ್ಯಪ್) ಬಳಸಿ. ಎಲ್ಲ ಪತ್ರಿಕೆಗಳೂ ಈ ಸೌಲಭ್ಯ ಕೊಡುವುದಿಲ್ಲ. ನಿಮ್ಮದು ಕೊಡುತ್ತದೆಯೇ ಎಂದು ಮೊದಲು ನೋಡಿಕೊಳ್ಳಿ. ನೀರಿನ ಕರದಂಥ ಸುದ್ದಿಗಾದರೆ, ನಿಮ್ಮೂರಿನ ‘ಜನತಾವಾಣಿ’ಯಂಥ ಪತ್ರಿಕೆಯನ್ನೇ ಬೆಳಿಗ್ಗೆ ಮನೆಗೆ ಹಾಕಿಸಿಕೊಳ್ಳುವುದು ವಾಸಿ.