ಅಕಾರಾದಿ ಪ್ರಶ್ನೋತ್ತರ: ವ್ರತದಿನದ ಸಂಜೆಗೊಂದು ಪಾಠ

ಪ್ರಶ್ನೆಯನ್ನು ಒಡ್ಡಿ ಉತ್ತರವನ್ನು ಹುಡುಕಿಸುವುದು ಜೈನ ಪರಂಪರೆಗೆ ಹೊಸ ವಿನೋದವೇನೂ ಅಲ್ಲ. ಜಿನಸೇನಾಚಾರ್ಯರ ಆದಿಪುರಾಣದಲ್ಲಿ ಗರ್ಭವತಿಯಾದ ಮರುದೇವಿಯ ಸೇವೆಗೆ ಬಂದ ದೇವಿಯರು ಆಕೆಯ ಮನಸ್ಸನ್ನು ರಂಜಿಸಲು ಒಗಟುಗಳನ್ನು ಕೇಳುತ್ತಾರೆ. ಮಹಾದೇವಿಯು ಒಂದೊಂದಕ್ಕೂ ಉತ್ತರ ಕೊಡುತ್ತಾಳೆ. ಅವುಗಳಲ್ಲಿ ಕೆಲವು ಕೇವಲ ಅಕ್ಷರದ ಮೇಲೆ ನಿಂತಂತಹವು. ಒಂದು ಅಕ್ಷರ ಕಳಚಿದರೆ ಅರ್ಥವೇ ಬೇರೆಯಾಗುತ್ತದೆ. ಆ ಆಚಾರ್ಯರಲ್ಲಿ ಭಕ್ತಿಯುಳ್ಳವನಾಗಿದ್ದ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ (814–878) ಹೆಸರಿನಲ್ಲಿ ‘ಪ್ರಶ್ನೋತ್ತರ ರತ್ನಮಾಲಿಕೆ’ ಎಂಬ ಸಂಸ್ಕೃತ ಕೃತಿಯೇ ಪ್ರಸಿದ್ಧವಾಗಿದೆ. ಋಷಭದೇವನು ಬ್ರಾಹ್ಮಿಗೆ ಅಕ್ಷರವನ್ನೂ ಸುಂದರಿಗೆ ಅಂಕವನ್ನೂ ಕಲಿಸಿದನೆಂಬ ಕಥೆಯನ್ನು ಬಲ್ಲ ಮನೆಗಳಿಗೆ ಅಕ್ಷರದ ಆಟವು ಹಗುರವಾದ ಸಂಗತಿಯಾಗಿ ತೋರಬೇಕಿಲ್ಲ.

ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ದಾರಿಯಲ್ಲಿರುವ ಕಾಮಗೆರೆಯಂತಹ ಊರಿನಲ್ಲಿ ನೆಲಸಿದ ಶ್ರಾವಕ ಕುಟುಂಬವನ್ನು ಭಾವಿಸೋಣ. ಆ ಸೀಮೆಯು 1956ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆಮೇಲೆ ಮೈಸೂರು ಜಿಲ್ಲೆಗೆ ಬಂದು, 1997ರಿಂದ ಚಾಮರಾಜನಗರ ಜಿಲ್ಲೆಯಲ್ಲಿದೆ. ಪೂಜ್ಯಪಾದಾಚಾರ್ಯರ ತಪೋಭೂಮಿಯೆಂದು ನಂಬಲಾದ ಮಲೆಯೂರಿನ ಕನಕಗಿರಿಯೂ ಅದೇ ಜಿಲ್ಲೆಯಲ್ಲಿದೆ. ಆದರೆ ಪ್ರತಿ ಅಷ್ಟಮಿಗೂ ಚತುರ್ದಶಿಗೂ ಅಲ್ಲಿಗೆ ಹೋಗಿ ಶಾಸ್ತ್ರ ಕೇಳುವುದು ಎಲ್ಲರಿಗೂ ಆಗುವ ಮಾತಲ್ಲ. ಹೊತ್ತು ಮುಳುಗುವ ಮೊದಲೇ ಊಟ ತೀರಿದ ಮನೆಯಲ್ಲಿ ಸಂಜೆಯು ದೀರ್ಘವಾಗುತ್ತದೆ. ಆ ಹೊತ್ತಿನಲ್ಲಿ ಮನೆಯೇ ಪಾಠಶಾಲೆಯಾಗಬೇಕು. ಉತ್ತರಗಳೆಲ್ಲವೂ ‘ಅ’ಕಾರದಿಂದಲೇ ಮೊದಲಾಗತಕ್ಕ ಪ್ರಶ್ನೆಗಳನ್ನು ಹಿರಿಯರು ಕೇಳುವುದು, ಕಿರಿಯರು ಹುಡುಕುವುದು: ಇದೇ ಇಲ್ಲಿಯ ಪಾಠ.

ನಿಯಮವು ಇಷ್ಟೇ. ಹ್ರಸ್ವ ‘ಅ’ ಮಾತ್ರ ಸಲ್ಲುತ್ತದೆ. ದೀರ್ಘ ‘ಆ’ ಸಲ್ಲದು. ನಿಘಂಟಿನಲ್ಲಿ ‘ಅಂ’ ಎಂಬುದು ಅಕಾರದ ಪುಟಗಳಲ್ಲೇ ಬರುವುದರಿಂದ ಅದಕ್ಕೆ ಅಡ್ಡಿಯಿಲ್ಲ. ಹಾಗಾಗಿ ‘ದಶಧರ್ಮಗಳಲ್ಲಿ ಒಂಬತ್ತನೆಯದು ಯಾವುದು?’ ಎಂದು ಕೇಳಿದರೆ ಆಕಿಂಚನ್ಯವೆಂಬ ಉತ್ತರ ಸರಿಯಾಗಿದ್ದರೂ ಈ ಆಟದಲ್ಲಿ ನಡೆಯುವುದಿಲ್ಲ. ಆದಿನಾಥನನ್ನೂ ಹೀಗೆಯೇ ಹೊರಗಿಡಬೇಕಾಗುತ್ತದೆ. ಇಪ್ಪತ್ತನಾಲ್ವರು ತೀರ್ಥಂಕರರಲ್ಲಿ ಅಕಾರದ ಹೆಸರುಳ್ಳವರು ನಾಲ್ವರು: ಎರಡನೆಯ ಅಜಿತ, ನಾಲ್ಕನೆಯ ಅಭಿನಂದನ, ಹದಿನಾಲ್ಕನೆಯ ಅನಂತ, ಹದಿನೆಂಟನೆಯ ಅರ. ಚುರುಕಾದ ಹುಡುಗನು ನೇಮಿನಾಥನಿಗೆ ಅರಿಷ್ಟನೇಮಿ ಎಂಬ ಹೆಸರೂ ಉಂಟಲ್ಲ ಎಂದರೆ ಐದನೆಯದನ್ನೂ ಒಪ್ಪಬೇಕು. ಅಂತಹ ವಾದವನ್ನು ತಡೆಯಬಾರದು.

ಮಕ್ಕಳಿಗೆ ಮೊದಲು ನಾಲಗೆಗೆ ಬರುವ ಅಕಾರಗಳು ಅನ್ನ, ಅಕ್ಕಿ, ಅವರೆಕಾಯಿ, ಅಜ್ಜಿ. ಅಲ್ಲಿಂದಲೇ ಆರಂಭಿಸಬಹುದು. ‘ಅನ್ನವೇ ಮೊದಲಾಗಿ ಉಣ್ಣತಕ್ಕದ್ದಕ್ಕೆ ಶಾಸ್ತ್ರದಲ್ಲಿ ಇರುವ ಹೆಸರೇನು?’ ಅಶನ. ‘ಅದನ್ನು ಬಿಟ್ಟರೆ?’ ಅನಶನ. ಬಾಹ್ಯ ತಪಸ್ಸುಗಳು ಆರು. ಅವುಗಳಲ್ಲಿ ಮೊದಲನೆಯದೇ ಇದು. ಎರಡನೆಯದೂ ಅಕಾರದ್ದೇ: ಅವಮೌದರ್ಯ, ಎಂದರೆ ಹೊಟ್ಟೆ ತುಂಬುವುದಕ್ಕಿಂತ ಕಡಮೆ ಉಣ್ಣುವುದು. ಪುರುಷನ ಪೂರ್ಣಾಹಾರವನ್ನು 32 ತುತ್ತುಗಳೆಂದೂ ಸ್ತ್ರೀಯ ಪೂರ್ಣಾಹಾರವನ್ನು 28 ತುತ್ತುಗಳೆಂದೂ ಶಾಸ್ತ್ರಕಾರರು ಲೆಕ್ಕವಿಟ್ಟಿದ್ದಾರೆ. ಅದರಲ್ಲಿ ಒಂದು ತುತ್ತನ್ನು ಮನಃಪೂರ್ವಕವಾಗಿ ಬಿಟ್ಟರೂ ಅದು ತಪಸ್ಸೇ.

ಈ ಎರಡು ಉತ್ತರಗಳ ಬಳಿ ಸ್ವಲ್ಪ ನಿಲ್ಲಬೇಕು. ‘ಅನಶನ’ದ ಮೊದಲ ಅಕಾರವು ನಿಷೇಧವನ್ನು ಹೇಳುತ್ತದೆ, ಸ್ವರದ ಹಿಂದೆ ಅದು ‘ಅನ್’ ಆಗಿದೆ. ‘ಅವಮೌದರ್ಯ’ದ ಅಕಾರವಾದರೋ ನಿಷೇಧವಲ್ಲ; ಅವಮ ಎಂದರೆ ಕಡಮೆಯಾದ, ಉದರ ಎಂದರೆ ಹೊಟ್ಟೆ. ಒಂದು ಬಿಡುವ ತಪಸ್ಸು, ಇನ್ನೊಂದು ತಗ್ಗಿಸುವ ತಪಸ್ಸು. ಈ ಭೇದವನ್ನು ಮಕ್ಕಳಿಗಿಂತ ಹಿರಿಯರೇ ಹೆಚ್ಚಾಗಿ ಮರೆಯುತ್ತಾರೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ನನ್ನೋ ಕೆಲವು ಮಾತ್ರೆಗಳನ್ನೋ ತೆಗೆದುಕೊಳ್ಳುವ ವೃದ್ಧರು, ಮನೆಯವರೆಲ್ಲ ಉಪವಾಸವಿರುವಾಗ ತಾವು ಉಣ್ಣುವುದು ಹೇಗೆಂದು ಸಂಕೋಚಪಟ್ಟು ನೀರನ್ನೂ ಬಿಡುವುದುಂಟು. ರಕ್ತದಲ್ಲಿನ ಸಕ್ಕರೆಯು ಅಪಾಯದ ಮಟ್ಟಕ್ಕೆ ಇಳಿದು ಪ್ರಜ್ಞೆ ತಪ್ಪುವ ಸಂಭವ ಅಂತಹವರಿಗೆ ಹೆಚ್ಚು. ತೀರ್ಥಂಕರತ್ವಕ್ಕೆ ಕಾರಣವಾಗುವ ಹದಿನಾರು ಭಾವನೆಗಳಲ್ಲಿ ತಪಸ್ಸನ್ನು ಹೇಳುವಾಗ ಅದು ಶಕ್ತಿಗೆ ತಕ್ಕಂತೆ ಇರಬೇಕೆಂದೇ ಹೇಳಿದೆ. ವೈದ್ಯರನ್ನು ಕೇಳಿ, ಹೊತ್ತಿಗೆ ಸರಿಯಾಗಿ ಔಷಧಿಯನ್ನೂ ಆಹಾರವನ್ನೂ ತೆಗೆದುಕೊಂಡು, ರುಚಿಯಲ್ಲಿಯೋ ಬಗೆಗಳಲ್ಲಿಯೋ ಒಂದನ್ನು ಬಿಟ್ಟ ಅಜ್ಜಿಯು ವ್ರತದ ಹೊರಗೆ ಉಳಿದವಳಲ್ಲ. ಆಕೆಯ ತಟ್ಟೆಯನ್ನು ಪ್ರತ್ಯೇಕವಾಗಿ ಅಡಿಗೆಮನೆಯ ಮೂಲೆಗೆ ಒಯ್ಯುವ ಅಗತ್ಯವೂ ಇಲ್ಲ.

ಮುಂದಿನದು ಐದು ವ್ರತಗಳ ಪ್ರಶ್ನೆ. ‘ಪಂಚವ್ರತಗಳಲ್ಲಿ ಅಕಾರದವು ಎಷ್ಟು?’ ಎಂದರೆ ಮಕ್ಕಳು ಅಹಿಂಸೆ, ಅಸ್ತೇಯ, ಅಪರಿಗ್ರಹ ಎಂದು ಮೂರನ್ನು ಕೂಡಲೇ ಹೇಳುತ್ತಾರೆ. ‘ಪಂಚಪಾಪಗಳಲ್ಲಿ ಅಕಾರದವು ಎಷ್ಟು?’ ಎಂದು ಕೇಳಿದರೆ ತಡವರಿಸುತ್ತಾರೆ. ಪಾಪಕ್ಕೂ ಅಕಾರವೇ? ಹೌದು: ಉಮಾಸ್ವಾಮಿಗಳು ಸುಳ್ಳನ್ನು ಅನೃತವೆಂದೂ ಕಾಮಾಚಾರವನ್ನು ಅಬ್ರಹ್ಮವೆಂದೂ ಕರೆದಿದ್ದಾರೆ. ಹಿಂಸೆ, ಕಳವು, ಪರಿಗ್ರಹಗಳಲ್ಲಿ ಪಾಪವು ಮಾಡುವ ಕೆಲಸವಾಗಿದ್ದು ವ್ರತವು ಅದನ್ನು ಬಿಡುವುದಾಗಿದೆ. ಆದುದರಿಂದ ಅಕಾರವು ವ್ರತದ ಕಡೆಗೆ ಬಂದಿತು. ಸತ್ಯ, ಬ್ರಹ್ಮಚರ್ಯಗಳಲ್ಲಾದರೋ ವ್ರತವೇ ಮೂಲ. ಪಾಪವು ಅದರ ಅಭಾವ. ಅಲ್ಲಿ ಅಕಾರವು ಪಾಪದ ಕಡೆಗೆ ಹೋಯಿತು. ಐದು ಜೋಡಿಗಳಲ್ಲಿಯೂ ಒಂದೊಂದು ಕಡೆ ಮಾತ್ರ ಅಕಾರವಿರುವುದನ್ನು ಹಲಗೆಯ ಮೇಲೆ ಬರೆದು ತೋರಿಸಿದರೆ, ವ್ರತವೆಂದರೆ ಬರಿಯ ‘ಮಾಡಬೇಡ’ ಎಂಬ ಪಟ್ಟಿಯಲ್ಲ ಎಂಬುದು ಹತ್ತು ವರ್ಷದ ಮಗುವಿಗೂ ತಿಳಿಯುತ್ತದೆ.

ಅಹಿಂಸೆಯ ಪ್ರಶ್ನೆಯನ್ನು ಆ ಸೀಮೆಯಲ್ಲಿ ಬಟ್ಟೆಯ ಮೂಲಕವೂ ಕೇಳಬಹುದು. ಕೊಳ್ಳೇಗಾಲವು ರೇಷ್ಮೆಗೆ ಹೆಸರಾದ ಊರು. ಹಿಪ್ಪುನೇರಳೆ ತೋಟವನ್ನು ಕಾಣದ ಮಗು ಅಲ್ಲಿ ವಿರಳ. ನೂಲು ಕಡಿಯದೆ ಉದ್ದವಾಗಿ ಬರಬೇಕಾದರೆ ಚಿಟ್ಟೆಯು ಗೂಡನ್ನು ಕೊರೆದು ಹೊರಬರುವ ಮೊದಲೇ ಒಳಗಿನ ಹುಳುವನ್ನು ಬಿಸಿಯಿಂದ ಕೊಂದು, ಗೂಡನ್ನು ಬಿಸಿನೀರಿಗೆ ಹಾಕಿ ನೂಲು ಬಿಚ್ಚುತ್ತಾರೆ. ಇದನ್ನು ಬಲ್ಲ ಶ್ರಾವಕನು ಉಪವಾಸದ ದಿನ ರೇಷ್ಮೆಯ ಮಡಿಯುಟ್ಟು ಪೂಜೆಗೆ ನಿಲ್ಲುವುದು ಹೇಗೆ? ‘ಚಿಟ್ಟೆಯು ಹಾರಿಹೋದ ಮೇಲೆ ಉಳಿದ ಗೂಡಿನಿಂದ ನೂತ ನೂಲಿಗೆ ಇಂದು ಏನೆಂದು ಹೆಸರು?’ ಅಹಿಂಸಾ ರೇಷ್ಮೆ. ಅದು ಸಿಗದಿದ್ದರೆ ಒಗೆದ ಹತ್ತಿಯ ಬಟ್ಟೆಗೆ ಕೊರತೆಯೇನಿಲ್ಲ. ರೇಷ್ಮೆಯನ್ನೇ ನಂಬಿ ಬಾಳುವ ನೆರೆಹೊರೆಯವರನ್ನು ಮಕ್ಕಳ ಎದುರಿಗೆ ಹೀಗಳೆಯುವುದು ಮಾತ್ರ ಸಲ್ಲದು. ಅದು ಇನ್ನೊಂದು ಅಕಾರಕ್ಕೆ, ಅಪಧ್ಯಾನಕ್ಕೆ, ದಾರಿಯಾಗುತ್ತದೆ. ಪರರ ಕೇಡನ್ನು ಮನಸ್ಸಿನಲ್ಲಿ ಎಣಿಸುವ ಈ ಅಪಧ್ಯಾನವು ಅನರ್ಥದಂಡದ ಐದು ಬಗೆಗಳಲ್ಲಿ ಒಂದು.

‘ಹೊತ್ತು ಮುಳುಗುವ ಮೊದಲೇ ಉಣ್ಣುವ ನಿಯಮಕ್ಕೆ ಏನು ಹೆಸರು?’ ಅನಸ್ತಮಿತ. ಕಟ್ಟುನಿಟ್ಟಾಗಿ ನಡೆಯುವವರು ಸೂರ್ಯಾಸ್ತಕ್ಕೆ ಎರಡು ಗಳಿಗೆ, ಎಂದರೆ 48 ನಿಮಿಷ, ಮೊದಲೇ ಕೈ ತೊಳೆಯುತ್ತಾರೆ.

ವ್ರತಭಂಗದ ಮೆಟ್ಟಿಲುಗಳನ್ನು ಕೇಳುವುದು ತುಸು ಕಠಿನ. ನಾಲ್ಕು ಮೆಟ್ಟಿಲುಗಳಲ್ಲಿ ಮೂರು ಅಕಾರದವು: ಅತಿಕ್ರಮ, ಅತಿಚಾರ, ಅನಾಚಾರ; ನಡುವೆ ವ್ಯತಿಕ್ರಮವೊಂದು ಹೊರಗಿನದು. ಹಿಂದಿನವರು ಇದಕ್ಕೆ ಎತ್ತಿನ ದೃಷ್ಟಾಂತವನ್ನು ಕೊಡುತ್ತಿದ್ದರು. ಬೇಲಿಯಾಚೆಯ ಪೈರನ್ನು ಕಂಡು ಎತ್ತಿನ ಮನಸ್ಸು ಅತ್ತ ಹೊರಳಿದರೆ ಅತಿಕ್ರಮ. ಬೇಲಿಯೊಳಗೆ ಕೊರಳು ಚಾಚಿದರೆ ವ್ಯತಿಕ್ರಮ. ಒಂದು ಬಾಯಿ ಮೇದರೆ ಅತಿಚಾರ. ಹೊಲಕ್ಕೇ ನುಗ್ಗಿ ಅಂಕೆಯಿಲ್ಲದೆ ಮೇಯತೊಡಗಿದರೆ ಅನಾಚಾರ. ಮಕ್ಕಳು ಇದನ್ನು ಕೇಳಿ ನಗುತ್ತಾರೆ, ನಗಲಿ. ಅಷ್ಟಮಿಯಂದು ಡಬ್ಬಿಯ ಮುಚ್ಚಳ ತೆರೆದು ಚಕ್ಕುಲಿಯನ್ನು ನೋಡಿ ಮತ್ತೆ ಮುಚ್ಚಿದ ಹುಡುಗನು ಯಾವ ಮೆಟ್ಟಿಲಿನಲ್ಲಿ ನಿಂತಿದ್ದಾನೆಂದು ಅವರೇ ಹೇಳಲಿ. ಒಂದು ಬಾಯಿ ಮೇದ ಎತ್ತನ್ನು ಇನ್ನೂ ಹಿಂದಕ್ಕೆ ಎಳೆಯಬಹುದು ಎಂಬುದು ಇಲ್ಲಿ ಮುಖ್ಯ. ತಪ್ಪೊಂದು ಆಯಿತೆಂದು ಇಡೀ ವ್ರತವನ್ನೇ ಕೈಬಿಟ್ಟವರು ಅತಿಚಾರವನ್ನೂ ಅನಾಚಾರವನ್ನೂ ಒಂದೇ ಎಂದು ಬಗೆದವರು.

ಪ್ರೋಷಧೋಪವಾಸಕ್ಕೆ ಹೇಳಿದ ಐದು ಅತಿಚಾರಗಳಲ್ಲಿ ನಾಲ್ಕು ಅಕಾರದವೇ ಆಗಿರುವುದು ಆಶ್ಚರ್ಯ. ನೋಡದೆ, ಗುಡಿಸದೆ ನೆಲದ ಮೇಲೆ ಮಲಮೂತ್ರಾದಿಗಳನ್ನು ಬಿಡುವುದು, ಪೂಜಾದ್ರವ್ಯ ಮುಂತಾದ ವಸ್ತುಗಳನ್ನು ತೆಗೆದುಕೊಳ್ಳುವುದು, ಹಾಸಿಗೆ ಹಾಸುವುದು ಎಂಬ ಮೂರಕ್ಕೂ ‘ಅಪ್ರತ್ಯವೇಕ್ಷಿತ’ ಎಂಬ ಒಂದೇ ಪದವು ಮುಂದಿದೆ. ಕಣ್ಣಿಟ್ಟು ನೋಡದ ಎಂದು ಅದರ ಅರ್ಥ. ನಾಲ್ಕನೆಯದು ಅನಾದರ. ಹಸಿವಿನಿಂದ ಸಿಡುಕಿ, ಯಾವಾಗ ಬೆಳಗಾದೀತೆಂದು ಗಡಿಯಾರ ನೋಡುತ್ತ, ಆವಶ್ಯಕ ಕ್ರಿಯೆಗಳನ್ನು ಹೇಗೋ ಮುಗಿಸುವುದು ಅದು. ಐದನೆಯದಾದ ಮರೆವು ಮಾತ್ರ ಸಕಾರದಲ್ಲಿದೆ. ಉಪವಾಸದ ದಿನ ಇಡೀ ಮನೆಗೆ ಸಿಡುಕನ್ನು ಬಡಿಸುವ ಯಜಮಾನರಿಗೆ ನಾಲ್ಕನೆಯ ಪ್ರಶ್ನೆಯನ್ನು ಮಕ್ಕಳಿಂದಲೇ ಕೇಳಿಸುವುದು ಒಳ್ಳೆಯದು.

ಈಗ ಅತಿ ದೊಡ್ಡ ಪ್ರಶ್ನೆ. ‘ಜಗತ್ತಿನಲ್ಲಿ ಮೊತ್ತಮೊದಲ ಆಹಾರದಾನ ನಡೆದ ದಿನ ಯಾವುದು?’ ಅಕ್ಷಯ ತೃತೀಯೆ, ವೈಶಾಖ ಶುಕ್ಲ ತದಿಗೆ. ಇಂದು ಆ ದಿನವೆಂದರೆ ಚಿನ್ನದ ಅಂಗಡಿಯ ಮುಂದಿನ ಸಾಲು ಎಂದಾಗಿದೆ. ಅದಕ್ಕೂ ಜೈನ ಕಥೆಗೂ ಸಂಬಂಧವಿಲ್ಲ. ಋಷಭದೇವನು ದೀಕ್ಷೆ ವಹಿಸಿದಾಗ ಆರು ತಿಂಗಳ ಉಪವಾಸವನ್ನು ತಾನೇ ಸಂಕಲ್ಪಿಸಿದನು. ಅದು ಮುಗಿದ ಮೇಲೆ ಆಹಾರಕ್ಕಾಗಿ ಹೊರಟನು. ಜನರಿಗೆ ಭಕ್ತಿಯಿತ್ತು, ಸಂಪತ್ತಿತ್ತು. ಆದರೆ ಮುನಿಗೆ ಏನನ್ನು ಹೇಗೆ ಕೊಡಬೇಕೆಂಬುದೇ ತಿಳಿದಿರಲಿಲ್ಲ. ಒಬ್ಬರು ಆನೆಯನ್ನು ತಂದರು, ಇನ್ನೊಬ್ಬರು ರತ್ನವನ್ನು ತಂದರು, ಮತ್ತೊಬ್ಬರು ಕನ್ಯೆಯನ್ನೇ ಕರೆತಂದರು. ಭಗವಂತನು ಮಾತಾಡದೆ ಮುಂದೆ ನಡೆದನು. ಹೀಗೆ ಮತ್ತೆ ಆರು ತಿಂಗಳಿಗೂ ಮೇಲ್ಪಟ್ಟು ಕಾಲ ಕಳೆಯಿತು. ಕಡೆಗೆ ಹಸ್ತಿನಾಪುರದಲ್ಲಿ ಸೋಮಪ್ರಭನ ತಮ್ಮನಾದ ಶ್ರೇಯಾಂಸನಿಗೆ ಹಿಂದಿನ ಜನ್ಮದಲ್ಲಿ ಚಾರಣ ಮುನಿಗಳಿಗೆ ಆಹಾರ ಕೊಟ್ಟ ನೆನಪು ಬಂದಿತು. ವಿಧಿಯರಿತು ಕಬ್ಬಿನ ಹಾಲನ್ನು ನೀಡಿದನು. ಮೊದಲ ಆರು ತಿಂಗಳು ತಪಸ್ವಿಯ ಸಂಕಲ್ಪ; ಅನಂತರದ ತಿಂಗಳುಗಳು ಗೃಹಸ್ಥರ ಅಜ್ಞಾನ. ಈ ಭಾಗವನ್ನು ಹೇಳುವಾಗ ಹಿರಿಯರು ಅವಸರ ಮಾಡಬಾರದು.

ಅದಕ್ಕೆ ಹೊಂದಿಕೊಂಡದ್ದೇ ಹನ್ನೆರಡು ವ್ರತಗಳಲ್ಲಿ ಕಡೆಯದಾದ ಅತಿಥಿಸಂವಿಭಾಗ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಅತಿಥಿ ಶಬ್ದಕ್ಕೆ ಎರಡು ಅರ್ಥ ಕೊಟ್ಟಿದ್ದಾರೆ: ಸಂಯಮವನ್ನು ಕೆಡಿಸಿಕೊಳ್ಳದೆ ಸಂಚರಿಸುವವನು, ಇಲ್ಲವೆ, ಬರುವುದಕ್ಕೆ ಗೊತ್ತಾದ ತಿಥಿಯಿಲ್ಲದವನು. ಶ್ರಾವಕನ ಉಪವಾಸಕ್ಕೆ ಅಷ್ಟಮಿಯೆಂಬ ತಿಥಿಯುಂಟು. ಬರುವ ಮುನಿಗೆ ತಿಥಿಯಿಲ್ಲ. ಆದುದರಿಂದ ತಾನು ಉಪವಾಸವಿದ್ದೇನೆಂದು ಶುದ್ಧವಾದ ಒಲೆಯನ್ನೇ ಹೂಡದಿರುವುದು ಸರಿಯಲ್ಲ. ಮುನಿಯ ಆಹಾರಕ್ಕೆ ಅಡ್ಡಬರುವುದಕ್ಕೆ ಏನೆನ್ನುತ್ತಾರೆಂದರೆ ಅಂತರಾಯ. ಎಂಟು ಕರ್ಮಗಳಲ್ಲಿ ಕೊನೆಯದರ ಹೆಸರೂ ಅದೇ. ಎರಡರ್ಥದ ಈ ಉತ್ತರಕ್ಕೆ ಎರಡು ಅಂಕ ಕೊಡಬಹುದು.

ಉಳಿದವನ್ನು ಬೇಗಬೇಗನೆ ಕೇಳಿಬಿಡಬಹುದು. ವರ್ಷಕ್ಕೆ ಮೂರು ಸಲ, ಕಾರ್ತಿಕ, ಫಾಲ್ಗುಣ, ಆಷಾಢಗಳ ಶುಕ್ಲ ಅಷ್ಟಮಿಯಿಂದ ಹುಣ್ಣಿಮೆಯವರೆಗೆ ಬರುವ ಪರ್ವ ಅಷ್ಟಾಹ್ನಿಕ. ನಂದೀಶ್ವರ ದ್ವೀಪದ 52 ಚೈತ್ಯಾಲಯಗಳ ಸ್ಮರಣೆ ಆಗ ನಡೆಯುತ್ತದೆ. ಭಾದ್ರಪದ ಶುಕ್ಲ ಚತುರ್ದಶಿಗೆ ಮುಗಿಯುವ, 14 ವರ್ಷ ನಡೆಸುವ ವ್ರತ ಅನಂತವ್ರತ. ಹದಿನಾಲ್ಕನೆಯ ತೀರ್ಥಂಕರನ ಹೆಸರಿಗೆ ಅದು ಒಪ್ಪುತ್ತದೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ದಾನಚಿಂತಾಮಣಿ ಅತ್ತಿಮಬ್ಬೆ. 993ರಲ್ಲಿ ರನ್ನನಿಂದ ಆಕೆ ಬರೆಯಿಸಿದ ಪುರಾಣದ ನಾಯಕನೂ ಅಕಾರದ ಅಜಿತನೇ.

ಕಡೆಯ ಎರಡು ಪ್ರಶ್ನೆಗಳು ಹಿರಿಯರಿಗೆ ಮಾತ್ರ. ನೇಮಿಚಂದ್ರರ ದ್ರವ್ಯಸಂಗ್ರಹದಲ್ಲಿ ಪರಮೇಷ್ಠಿವಾಚಕವಾದ 35, 16, 6, 5, 4, 2 ಮತ್ತು 1 ಅಕ್ಷರಗಳ ಮಂತ್ರಗಳನ್ನು ಜಪಿಸಬೇಕೆಂದಿದೆ. ‘ಒಂದೇ ಅಕ್ಷರದ ಮಂತ್ರ ಯಾವುದು?’ ಓಂಕಾರವೆಂದು ಎಲ್ಲರೂ ಹೇಳುವರು. ಅದೂ ಸರಿಯೇ, ಅರಹಂತ, ಅಶರೀರ, ಆಚಾರ್ಯ, ಉಪಾಧ್ಯಾಯ, ಮುನಿ ಎಂಬ ಐದರ ಮೊದಲಕ್ಷರಗಳು ಸೇರಿ ಓಂ ಆಗಿದೆ. ಆದರೆ ವ್ಯಾಖ್ಯಾನಕಾರರು ಅರಹಂತ ಪದದ ಆದಿಯಾದ ಬರಿಯ ‘ಅ’ ಎಂಬುದನ್ನೂ ಏಕಾಕ್ಷರ ಮಂತ್ರವೆಂದಿದ್ದಾರೆ. ಎರಡನೆಯ ಪ್ರಶ್ನೆ: ‘ಅ, ಇ, ಉ, ಋ, ಌ ಎಂಬ ಐದು ಹ್ರಸ್ವಾಕ್ಷರಗಳನ್ನು ಉಚ್ಚರಿಸುವಷ್ಟು ಕಾಲ ಮಾತ್ರ ಇರುವ ಗುಣಸ್ಥಾನ ಯಾರದು?’ ಹದಿನಾಲ್ಕನೆಯದು; ಅಯೋಗಕೇವಲಿಯದು. ಅದರಾಚೆ ದೇಹವಿಲ್ಲ.

ಈ ಅಕ್ಷರ ಮುಗಿದ ಮನೆಗಳವರು ಮುಂದಿನ ಅಷ್ಟಾಹ್ನಿಕಕ್ಕೆ ಉಕಾರವನ್ನು ತೆಗೆದುಕೊಳ್ಳಬಹುದು. ಉಪವಾಸ, ಉದ್ಯಾಪನೆ, ಉದುಂಬರ, ಉಪಾಧ್ಯಾಯ, ಉಮಾಸ್ವಾಮಿ ಎಂಬ ಐದು ಉತ್ತರಗಳು ಸಿದ್ಧವಾಗಿಯೇ ಇವೆ. ಪ್ರಶ್ನೆಗಳನ್ನು ಮಾತ್ರ ಕಟ್ಟಬೇಕು.