ಮಂಡಿಗೆ ತಟ್ಟಿ, ಮೆದುಳುಬಳ್ಳಿಯ ಕೆಲಸ ನೋಡಿ

ಬಿಸಿ ಕಾವಲಿಗೆ ಬೆರಳು ತಗುಲಿದರೆ ಕೈ ಮೊದಲು ಹಿಂದಕ್ಕೆ ಬರುತ್ತದೆ, ಉರಿ ಗೊತ್ತಾಗುವುದು ಆಮೇಲೆ. ಕೈ ತೆಗೆಯುವ ಆಜ್ಞೆ ಹೊರಡುವುದು ಬೆನ್ನುಮೂಳೆಯೊಳಗಿನ ಮೆದುಳುಬಳ್ಳಿಯಿಂದ. ನೋವಿನ ಸುದ್ದಿ ಮೆದುಳಿಗೂ ಹೋಗುತ್ತದೆ, ಆದರೆ ಆ ದಾರಿ ಉದ್ದ. ಇದನ್ನೇ ಪ್ರೌಢಶಾಲೆಯ ಪುಸ್ತಕ ಪರಾವರ್ತಿತ ಕ್ರಿಯೆ ಎನ್ನುತ್ತದೆ. ಚಿತ್ರ ಬರೆದು ಭಾಗ ಗುರುತಿಸಿದರೆ ಸಾಲದು, ತಮ್ಮ ಮೈಯಲ್ಲೇ ಅದು ನಡೆಯುವುದನ್ನು ಮಕ್ಕಳು ಕಾಣಬೇಕು. ಅದಕ್ಕೆ ಒಂದು ಎತ್ತರದ ಮೇಜು, ಒಂದು ಕನ್ನಡಿ, 30 ಸೆಂ.ಮೀ. ಉದ್ದದ ಸ್ಕೇಲು ಸಾಕು.

ಮೊದಲು ಮಂಡಿ

ಪಾದ ನೆಲಕ್ಕೆ ತಾಗದಂತೆ ಮೇಜಿನ ಮೇಲೆ ಕೂರಿಸಿ, ಕಾಲು ಸಡಿಲವಾಗಿ ಇಳಿಬಿಡಲು ಹೇಳಿ. ಮಂಡಿಚಿಪ್ಪಿನ ಕೆಳಗೆ ಬೆರಳಾಡಿಸಿ. ಚಿಪ್ಪು ಮುಗಿದು ಕೆಳಗಾಲಿನ ಎಲುಬು ಶುರುವಾಗುವುದರ ನಡುವೆ ಒಂದು ಗಟ್ಟಿ ಪಟ್ಟಿ ಸಿಗುತ್ತದೆ. ಕಾಲನ್ನು ಸ್ವಲ್ಪ ಚಾಚಲು ಹೇಳಿದರೆ ಅದು ಬಿಗಿಯುತ್ತದೆ. ಅದೇ ಸ್ನಾಯುರಜ್ಜು. ಕಾಲು ಮತ್ತೆ ಸಡಿಲವಾದ ಮೇಲೆ, ಅಂಗೈಯ ಕಿರುಬೆರಳಿನ ಬದಿಯಿಂದ ಅಲ್ಲಿಗೆ ಚುರುಕಾಗಿ ಒಮ್ಮೆ ತಟ್ಟಿ. ಜೋರಾಗಿ ಹೊಡೆಯುವುದು ಬೇಡ. ಸುತ್ತಿಗೆಯಂತೂ ಬೇಡವೇ ಬೇಡ.

ಪಾದ ಮುಂದಕ್ಕೆ ಚಿಮ್ಮುತ್ತದೆ. ಇನ್ನೊಂದು ಕೈಯನ್ನು ತೊಡೆಯ ಮುಂಭಾಗದ ಮೇಲೆ ಇಟ್ಟುಕೊಂಡರೆ, ಚಿಮ್ಮು ಸಣ್ಣದಾದರೂ ಸ್ನಾಯು ಥಟ್ಟನೆ ಬಿಗಿಯುವುದು ಕೈಗೆ ಸಿಗುತ್ತದೆ.

ಒಳಗೆ ನಡೆದದ್ದಿಷ್ಟು. ತಟ್ಟಿದಾಗ ರಜ್ಜು ಒಳಕ್ಕೆ ಒತ್ತಿ, ತೊಡೆಯ ಸ್ನಾಯು ಕೂದಲೆಳೆಯಷ್ಟು ಹಿಗ್ಗಿತು. ಸ್ನಾಯುವಿನೊಳಗೆ ಹಿಗ್ಗುವಿಕೆಯನ್ನೇ ಅಳೆಯುವ ಪುಟ್ಟ ಗ್ರಾಹಕಗಳಿವೆ. ಅವುಗಳ ಸುದ್ದಿಯನ್ನು ಸಂವೇದನಾ ನರ ಸೆಕೆಂಡಿಗೆ 80ರಿಂದ 120 ಮೀಟರ್ ವೇಗದಲ್ಲಿ ಮೆದುಳುಬಳ್ಳಿಗೆ ಒಯ್ದಿತು. ಅಲ್ಲಿ ಅದು ನೇರವಾಗಿ ಚಾಲಕ ನರಕೋಶಕ್ಕೇ ದಾಟಿತು. ನಡುವೆ ಇರುವುದು ಒಂದೇ ಒಂದು ಸಂಧಿ. ತೊಡೆಯ ಸ್ನಾಯುವಿನಲ್ಲಿ ವಿದ್ಯುತ್ ಚಟುವಟಿಕೆ ಶುರುವಾಗಲು ಸುಮಾರು 20 ಮಿಲಿಸೆಕೆಂಡು ಸಾಕು. ಅದೇ ಹೊತ್ತಿಗೆ ಇನ್ನೊಂದು ಸಣ್ಣ ನರಕೋಶ ತೊಡೆಯ ಹಿಂಭಾಗದ ಸ್ನಾಯುವನ್ನು ಸುಮ್ಮನಿರಿಸುತ್ತದೆ. ಇಲ್ಲವಾದರೆ ಎರಡೂ ಎಳೆದಾಡಿ ಕಾಲು ನಿಂತಲ್ಲೇ ನಿಲ್ಲುತ್ತಿತ್ತು. ನನಗೆ ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಸೊಗಸಾಗಿ ಕಾಣುವುದು ಈ ಸುಮ್ಮನಿರಿಸುವ ಕೆಲಸವೇ. 1875ರಲ್ಲಿ ಜರ್ಮನಿಯ ವೈದ್ಯರಾದ ಎರ್ಬ್ ಮತ್ತು ವೆಸ್ಟ್‌ಫಾಲ್ ಈ ಮಂಡಿ ಪರೀಕ್ಷೆಯನ್ನು ಬೇರೆಬೇರೆಯಾಗಿಯೇ ವಿವರಿಸಿದ್ದರು.

ಚಿಮ್ಮದಿದ್ದರೆ

ಗಾಬರಿ ಬೇಡ. ಎರಡೂ ಕೈಗಳ ಬೆರಳುಗಳನ್ನು ಕೊಕ್ಕೆಯಂತೆ ಸಿಕ್ಕಿಸಿ, ಬಲವಾಗಿ ಹೊರಕ್ಕೆ ಎಳೆಯಲು ಹೇಳಿ, ಎಳೆಯುತ್ತಿರುವಾಗಲೇ ತಟ್ಟಿ. ಸಾಮಾನ್ಯವಾಗಿ ಈ ಸಲ ಕಾಲು ಚೆನ್ನಾಗಿ ಚಿಮ್ಮುತ್ತದೆ. ಹಂಗೇರಿಯ ವೈದ್ಯ ಯೆಂಡ್ರಾಸಿಕ್ ತೋರಿಸಿಕೊಟ್ಟ ಉಪಾಯವಿದು, ಇಂದಿಗೂ ವೈದ್ಯರು ಬಳಸುತ್ತಾರೆ. ಮೆದುಳುಬಳ್ಳಿಯ ಪರಾವರ್ತಿತ ಕ್ರಿಯೆಗೆ ಮೆದುಳು ಬೇಕಿಲ್ಲ ನಿಜ, ಆದರೆ ಅದನ್ನು ಹೆಚ್ಚಿಸುವ, ತಗ್ಗಿಸುವ ಶಕ್ತಿ ಮೆದುಳಿಗಿದೆ. ಕುದಿಯುವ ಸಾರಿನ ಪಾತ್ರೆ ಕೈ ಸುಡುತ್ತಿದ್ದರೂ, ಕಾಲ ಬಳಿ ಮಗು ಇದ್ದರೆ ನಾವದನ್ನು ಕೈಬಿಡದೆ ಕಟ್ಟೆಯವರೆಗೆ ಒಯ್ಯುತ್ತೇವಲ್ಲ!

ಕಣ್ಣಿನ ಪಾಪೆ

ಮಂದ ಬೆಳಕಿನ ಕೋಣೆಯಲ್ಲಿ ಕನ್ನಡಿಯ ಮುಂದೆ ನಿಂತು, ಒಂದು ಕಣ್ಣನ್ನು ಅಂಗೈಯಿಂದ ಅರ್ಧ ನಿಮಿಷ ಮುಚ್ಚಿ. ಕೈ ತೆಗೆದು ಮುಚ್ಚಿರದ ಕಣ್ಣನ್ನೇ ನೋಡಿ. ಬೆಳಕು ಹೆಚ್ಚಾದದ್ದು ಪಕ್ಕದ ಕಣ್ಣಿಗೆ, ಆದರೂ ಈ ಪಾಪೆ ಕಿರಿದಾಗುತ್ತದೆ. ಇದೂ ಪರಾವರ್ತಿತ ಕ್ರಿಯೆಯೇ, ಆದರೆ ಮೆದುಳುಬಳ್ಳಿಯದ್ದಲ್ಲ. ಒಂದು ಕಣ್ಣಿನ ಸುದ್ದಿ ಮಧ್ಯ ಮೆದುಳಿನಲ್ಲಿ ಎರಡೂ ಬದಿಗೆ ಹಂಚಿಕೆಯಾಗುವುದೇ ಕಾರಣ. ಮೊಬೈಲ್ ಟಾರ್ಚನ್ನು ಮಾತ್ರ ಕಣ್ಣಿಗೆ ಹಿಡಿಯಬೇಡಿ.

ಕೊನೆಗೆ ಸ್ಕೇಲು

ಒಬ್ಬರು ಸ್ಕೇಲನ್ನು ಮೇಲ್ತುದಿಯಲ್ಲಿ ಹಿಡಿದು ನೇತಾಡಿಸಲಿ. ಇನ್ನೊಬ್ಬರ ಹೆಬ್ಬೆರಳು, ತೋರುಬೆರಳು ಸೊನ್ನೆಯ ಗುರುತಿನ ಎರಡೂ ಬದಿಗೆ, ಮುಟ್ಟದೆ ಇರಲಿ. ಹೇಳದೆ ಬಿಡಬೇಕು, ಹಿಡಿಯಬೇಕು. 10 ಸೆಂ.ಮೀ.ಗೆ ಸಿಕ್ಕಿದರೆ ತಗುಲಿದ್ದು 0.14 ಸೆಕೆಂಡು, 20ಕ್ಕೆ ಸಿಕ್ಕಿದರೆ 0.20, 30ಕ್ಕೆ 0.25.

ಇದು ಪರಾವರ್ತಿತ ಕ್ರಿಯೆಯಲ್ಲ. ಕಣ್ಣು ಕಂಡದ್ದನ್ನು ಮೆದುಳು ಗ್ರಹಿಸಿ, ತೀರ್ಮಾನಿಸಿ, ಬೆರಳಿಗೆ ಹೇಳಬೇಕು, ತಡ ಅದಕ್ಕೇ. ಹಿಡಿಯುವವರಿಗೆ ಹದಿನೇಳರ ಮಗ್ಗಿ ಹೇಳಲು ಕೊಟ್ಟು ಮತ್ತೆ ಮಾಡಿಸಿ, ಸ್ಕೇಲು ಇನ್ನಷ್ಟು ಜಾರುವುದನ್ನು ಕಾಣುತ್ತೀರಿ. ಗಂಟೆಗೆ 60 ಕಿ.ಮೀ. ವೇಗದ ಬೈಕು 0.2 ಸೆಕೆಂಡಿನಲ್ಲಿ ಮೂರು ಮೀಟರಿಗೂ ಹೆಚ್ಚು ಮುಂದೆ ಹೋಗುತ್ತದೆ. ಬೈಕ್ ಓಡಿಸುತ್ತಾ ಫೋನಿನಲ್ಲಿ ಮಾತಾಡುವ ಮಕ್ಕಳಿಗೆ ಈ ಲೆಕ್ಕವನ್ನು ಸ್ಕೇಲು ಕೈಯಲ್ಲಿರುವಾಗಲೇ ತೋರಿಸಿ.

ವೈದ್ಯರಿಗೆ ಬಿಡಬೇಕಾದದ್ದು

ಮಂಡಿಗೆ ಪೆಟ್ಟಾಗಿದ್ದವರು, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಈ ಪ್ರಯೋಗಕ್ಕೆ ಹೋಗಬಾರದು. ಎರಡೂ ಕಾಲು ಸಮನಾಗಿ ಮಂದವಾಗಿದ್ದು, ಬೇರೇನೂ ತೊಂದರೆ ಇಲ್ಲದಿದ್ದರೆ ಅದು ಸಹಜವಿರಬಹುದು. ಒಂದು ಕಾಲು ಚಿಮ್ಮಿ ಇನ್ನೊಂದು ಚಿಮ್ಮದಿದ್ದರೆ, ಜೊತೆಗೆ ಜೋಮು, ನಿಶ್ಶಕ್ತಿ ಇದ್ದರೆ ತೋರಿಸಿಕೊಳ್ಳಿ. ಬಾಯಿ ಓರೆಯಾಗುವುದು, ಕೈ ಸೋಲುವುದು, ಮಾತು ತೊದಲುವುದು ದಿಢೀರನೆ ಕಂಡರೆ ಮನೆಯಲ್ಲಿ ಯಾವ ಪರೀಕ್ಷೆಯನ್ನೂ ಮಾಡುತ್ತಾ ಕೂರದೆ ಆಸ್ಪತ್ರೆಗೆ ಓಡಿ. ಸಕ್ಕರೆ ಕಾಯಿಲೆಯಲ್ಲಿ ಪಾದದವರೆಗೆ ಹೋಗುವ ಉದ್ದದ ನರಗಳು ಸಾಮಾನ್ಯವಾಗಿ ಮೊದಲು ಹಾಳಾಗುತ್ತವೆ, ಮಂಡಿಗಿಂತ ಮುಂಚೆ ಹಿಮ್ಮಡಿಯ ರಜ್ಜಿನ ಪ್ರತಿಕ್ರಿಯೆ ಮಂಕಾಗುತ್ತದೆ. ಆ ಕಾಯಿಲೆ ಇರುವ ಹಿರಿಯರು ಮನೆಯಲ್ಲಿದ್ದರೆ, ಮುಂದಿನ ಸಲ ರಕ್ತಪರೀಕ್ಷೆಯ ವರದಿ ತೋರಿಸಲು ಹೋದಾಗ ಚಪ್ಪಲಿ ಬಿಚ್ಚಿಸಿ ಪಾದವನ್ನೂ ಪರೀಕ್ಷಿಸಲು ವೈದ್ಯರನ್ನು ಕೇಳಿ.